ಅಶರೀರವಾಣಿಯ ಮುಖ

ನಮ್ಮ ಕನ್ನಡ ಸಂಘದ ಅಧ್ಯಕ್ಷರಿಗೆ ನಾಟಕವೆಂದರೆ ಭಾಷಣಕ್ಕೂ ಊಟಕ್ಕೂ ನಡುವೆ ಜನ ಎದ್ದುಹೋಗದಂತೆ ಮಾಡುವ ಉಪಾಯ. ತೊಂಬತ್ತರ ದಶಕದ ಕೊನೆಯಲ್ಲಿ, ಲಂಡನ್ನಿನಲ್ಲಿ, ಆ ಉಪಾಯವನ್ನು ವರ್ಷವರ್ಷ ಒದಗಿಸುತ್ತಿದ್ದವಳು ನಾನು. ಬಣ್ಣ ಹಚ್ಚಲು ಎಲ್ಲರೂ ಮುಂದು, ಮಾತು ಬಾಯಿಪಾಠ ಮಾಡಲು ಯಾರೂ ಇಲ್ಲ. ಪಿನ್ನರ್‌ನ ಡಾಕ್ಟರೊಬ್ಬರು ಖಾಯಂ ರಾಜ. ಅಂಗೈಯಲ್ಲಿ ಮಾತು ಬರೆದುಕೊಂಡು ಬಂದು, ಪ್ರತಿ ಸಲ ಕೈ ನೋಡಿಕೊಂಡು ಗರ್ಜಿಸುತ್ತಿದ್ದರು.

ಕೊಲಿಂಡೇಲ್‌ನಲ್ಲಿ ನನ್ನ ಮೇಲಿನ ಫ್ಲಾಟಿನಲ್ಲಿ ಐವತ್ತು ದಾಟಿದ ಜಪಾನಿ ನಟರೊಬ್ಬರಿದ್ದರು. ಹರೆಯದಲ್ಲಿ ತಮ್ಮೂರಿನ ರಂಗಭೂಮಿಯಲ್ಲಿ ಪಳಗಿ, ಹೊಟ್ಟೆಪಾಡಿಗೆ ಡಬ್ಬಿಂಗಿಗೆ ಇಳಿದವರು. ವಿದೇಶಿ ಚಿತ್ರಗಳ ಚೆಲುವ ನಾಯಕರಿಗೆಲ್ಲ ಅಲ್ಲಿ ಇವರದೇ ದನಿ. ಆ ದನಿಗೆ ಮರುಳಾದವರು ಇವರನ್ನೇ ಬೀದಿಯಲ್ಲಿ ಕಂಡರೆ ಸ್ವಲ್ಪ ಸರೀರಿ ಎಂದು ಮುಂದೆ ಹೋಗುತ್ತಿದ್ದರಂತೆ. ಒಮ್ಮೆಯಾದರೂ ಸ್ವಂತ ಮುಖದಲ್ಲಿ ಮಾತಾಡಬೇಕು, ಜನ ನೋಡಬೇಕು ಎಂದು ಲಂಡನ್ನಿಗೆ ಬಂದರು. ಜಗತ್ತಿಗೆಲ್ಲ ನಾಟಕ ಕಲಿಸಿದವರಂತೆ ಮೆರೆಯುವ ಇಲ್ಲಿನ ನಿರ್ದೇಶಕರು ಇವರಿಗೆ ಕೊಟ್ಟದ್ದೇನು? ಟ್ರೇ ಹಿಡಿಯುವುದು, ಬಗ್ಗುವುದು, ಮೊದಲ ಅಂಕದಲ್ಲೇ ಸಾಯುವುದು. ಮಾತು ಮಾತ್ರ ಕೊಡಲಿಲ್ಲ.

ಆ ವರ್ಷ ನಮ್ಮ ಪೌರಾಣಿಕ ನಾಟಕಕ್ಕೆ ಒಂದು ಅಶರೀರವಾಣಿ ಬೇಕಿತ್ತು. ಅವರನ್ನು ಕೇಳಿದೆ. ಪರದೆಯ ಹಿಂದಿನ ಕೆಲಸ ಎಂದು ತಿಳಿದಾಗ ಅವರ ಮುಖ ಬಾಡಿತು. ಕೊನೆಯಲ್ಲಿ ಎಲ್ಲರ ಜೊತೆ ರಂಗಕ್ಕೆ ಬಂದು ನಮಸ್ಕರಿಸಬಹುದೇ ಎಂದಷ್ಟೇ ಕೇಳಿದರು. ಅಧ್ಯಕ್ಷರಿಗೆ ಫೋನ್ ಮಾಡಿದೆ.

"ಅಯ್ಯೋ, ಅದಕ್ಕೇನ್ ಮೇಡಂ, ನೋ ಪ್ರಾಬ್ಲಮ್! ಒಂದು ಶಾಲೇ ಹೊದಿಸ್ಬಿಡೋಣ" ಎಂದರು.

ನಟರು ನನ್ನ ಅಡುಗೆಮನೆಯಲ್ಲಿ ಕೂತು ಕನ್ನಡದ ಆ ಮಾತುಗಳನ್ನು ಕಲಿತರು. ಪದದ ಅರ್ಥ ತಿಳಿಯದೆ ಬಾಯಿ ತೆರೆಯುತ್ತಿರಲಿಲ್ಲ. ನಮ್ಮ ರಾಜನಿಗೆ ಆ ಚಿಂತೆ ಎಂದೂ ಇರಲಿಲ್ಲ.

ನಾಟಕ ಸಟನ್‌ನ ಒಂದು ಶಾಲೆಯ ಹಾಲಿನಲ್ಲಿ. "ಎಲೈ ಮೂಢ! ನಿನ್ನ ಕಾಲ ಮುಗಿಯಿತು!" ಎಂಬ ದನಿ ಪರದೆಯ ಹಿಂದಿನಿಂದ ಬಂದದ್ದೇ, ಕಾರಿಡಾರಿನಲ್ಲಿ ಓಡಾಡುತ್ತಿದ್ದ ಮಕ್ಕಳೂ ನಿಂತುಬಿಟ್ಟರು. ಡಾಕ್ಟರು ಅಂಗೈ ಮರೆತು ನಿಜವಾಗಿಯೂ ಹೆದರಿದರು. ಅವರು ಜೀವಮಾನದಲ್ಲಿ ಮಾಡಿದ ಅಭಿನಯ ಅದೊಂದೇ.

ನಾಟಕ ಮುಗಿದಾಗ ಇವರು ಕಪ್ಪು ಕಿಮೋನೊ ತೊಟ್ಟು, ತಲೆ ಬಾಚಿ, ರಂಗದ ಪಕ್ಕದಲ್ಲಿ ನನ್ನೊಡನೆ ಕಾಯುತ್ತಿದ್ದರು. ಅಧ್ಯಕ್ಷರು ಮೈಕ್ ಹಿಡಿದರು. ಪುಳಿಯೋಗರೆ ಮಾಡಿದವರಿಗೆ ವಂದನೆ, ಕುರ್ಚಿ ಜೋಡಿಸಿದವರಿಗೆ ವಂದನೆ, ಅವರ ಭಾವಮೈದುನನಿಗೆ ಏಕೋ ಏನೋ ವಿಶೇಷ ವಂದನೆ.

"ಆಮೇಲೆ ಆ ಅಶರೀರವಾಣಿ ಕೇಳಿದ್ರಲ್ಲಾ? ಬೆಂಗಳೂರಲ್ಲಿ ದೊಡ್ಡ ಕಲಾವಿದರ ಹತ್ರ ಸ್ಪೆಷಲ್ಲಾಗಿ ರೆಕಾರ್ಡ್ ಮಾಡಿಸಿ ತರಿಸಿದ್ದು!"

ಚಪ್ಪಾಳೆಯೋ ಚಪ್ಪಾಳೆ. ಪಕ್ಕದಿಂದ ನಾನು ಕೈ ಬೀಸಿ ಕರೆದಾಗ ಅಧ್ಯಕ್ಷರು ಮೈಕ್ ಮುಚ್ಚಿಕೊಂಡು ಪಿಸುಗುಟ್ಟಿದರು: "ಜಪಾನಿನೋರು ಅಂದ್ರೆ ಜನ ನಗ್ತಾರೆ ಮೇಡಂ. ಸಂಘದ ಮರ್ಯಾದೆ ಏನಾಗ್ಬೇಕು?"

ಸಂಘಕ್ಕೆ ಮರ್ಯಾದೆ ಇತ್ತೆಂಬುದೇ ನನಗೆ ಹೊಸ ಸುದ್ದಿ. ಅವರು ಏನೆಂದರು ಎಂದು ನಟರು ಕೇಳಿದರು. ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ.

ಅವರು ಕಿಮೋನೊ ಸರಿಪಡಿಸಿಕೊಂಡು ರಂಗದ ನಡುವಿಗೆ ನಡೆದರು. ಅಧ್ಯಕ್ಷರ ಎದುರು ನಿಂತು, ಮೈಕಿಲ್ಲದೆ, ಹಾಲಿನ ಕೊನೆಯ ಗೋಡೆಗೆ ಮುಟ್ಟುವಂತೆ ಹೇಳಿದರು: "ಎಲೈ ಮೂಢ! ನಿನ್ನ ಕಾಲ ಮುಗಿಯಿತು!"

"ಮಮ್, ಇಟ್ಸ್ ಹಿಮ್!" ಎಂದು ಮಗುವೊಂದು ಕೂಗಿತು. ಇಡೀ ಹಾಲು ಎದ್ದು ನಿಂತಿತು. ಗಾಳಿ ತಿರುಗಿದ್ದನ್ನು ನಮ್ಮ ಅಧ್ಯಕ್ಷರಷ್ಟು ಬೇಗ ಬಲ್ಲವರಿಲ್ಲ. "ಸರ್‌ಪ್ರೈಸ್!" ಎಂದು ಅರಚಿ, ಭಾವಮೈದುನನಿಗೆಂದು ತಂದಿದ್ದ ಶಾಲು ಹಿಡಿದು ಓಡಿದರು. ಕ್ಯಾಮರಾ ಮಿಂಚಿತು.

ಸಂಘದ ಸ್ಮರಣ ಸಂಚಿಕೆಯಲ್ಲಿ ಆ ಫೋಟೋ ಇಡೀ ಪುಟ ಬಂತು. ಊರಿಗೆ ಕಳಿಸಬೇಕು ಎಂದು ನಟರು ನನ್ನಿಂದ ಒಂದು ಪ್ರತಿ ಕೇಳಿ ಪಡೆದರು. ಅಡುಗೆಮನೆಯ ಮೇಜಿನ ಮೇಲೆ ಅದನ್ನು ಬಿಡಿಸಿಟ್ಟು ಬಹಳ ಹೊತ್ತು ನೋಡಿದರು. ಅಧ್ಯಕ್ಷರು ಹಲ್ಲು ಕಿರಿದು ಕ್ಯಾಮರಾ ನೋಡುತ್ತಿದ್ದರು. ಅವರು ಎತ್ತಿ ಹಿಡಿದ ಶಾಲಿನ ಹಿಂದೆ ಇವರ ಮುಖವೇ ಕಾಣುತ್ತಿರಲಿಲ್ಲ.