ಅರಿಸಿನ ಹಚ್ಚಿದ ಸ್ಯಾಂಪಲ್

ನಾನು ಪಾಠ ಮಾಡುವುದು ಒಂದು ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ. ಬಟ್ಟೆಗೆ ಬಣ್ಣ ಹೇಗೆ ಹತ್ತುತ್ತದೆ, ಹೇಗೆ ಬಿಡುತ್ತದೆ ಎನ್ನುವುದೇ ನನ್ನ ವಿಷಯ, ಅದೇ ನನ್ನ ಹೊಟ್ಟೆಪಾಡು. ನಮ್ಮಲ್ಲಿ ಯಾವ ಯೋಜನೆಗೆ ಅರ್ಜಿ ಹಾಕಿದರೂ ಮೊದಲ ಪುಟದಲ್ಲಿ ಒಂದು ಸಾಲು ಇರಲೇಬೇಕು: ಈ ಸಂಶೋಧನೆಯಿಂದ ದೇಶದ ಜಾಗತಿಕ ಸ್ಪರ್ಧಾಶಕ್ತಿ ಹೆಚ್ಚುತ್ತದೆ. ಆ ಸಾಲನ್ನು ಎಷ್ಟು ಸಲ ಬರೆದಿದ್ದೇನೋ ನನಗೇ ನೆನಪಿಲ್ಲ. ಕೈ ತಾನೇ ಬರೆದುಬಿಡುತ್ತದೆ, ತಲೆಗೆ ಕೆಲಸವಿಲ್ಲ. ಒಂದೇ ಒಂದು ಸಲ ನಂಬಿ ಬರೆದೆ. ಹೇಳಹೊರಟಿರುವುದು ಆ ಸಲದ್ದು.

ನಮ್ಮದು ಬನಹಟ್ಟಿಯ ನೇಕಾರರ ಮನೆ. ಅಪ್ಪ ಕೈಮಗ್ಗದಲ್ಲಿ ಕೂತವರು, ಅಣ್ಣ ಪಾವರ್‌ಲೂಮ್ ಹಾಕಿಸಿದವನು. ಮನೆಯ ಹಿಂದಿನ ಶೆಡ್ಡಿನಲ್ಲಿ ಅವನ ಆರು ಮಗ್ಗಗಳು ಹತ್ತಿ ಸೀರೆ ನೇಯುತ್ತಿದ್ದವು. ಹೊರಗಿನಿಂದ ಪಾಲಿಸ್ಟರ್ ಸೀರೆ ರಾಶಿರಾಶಿಯಾಗಿ ಬರತೊಡಗಿದ ಮೇಲೆ ನಮ್ಮ ಓಣಿಯ ಹೆಂಗಸರೇ ಅದನ್ನು ಉಡತೊಡಗಿದರು. ತೊಳೆದರೆ ಬೇಗ ಒಣಗುತ್ತದೆ, ಇಸ್ತ್ರಿ ಬೇಡ, ಯಾರಿಗೆ ಬೇಡ ಹೇಳಿ? ಒಂದೊಂದೇ ಮಗ್ಗ ನಿಂತು, ಕೊನೆಗೆ ಎರಡು ಮಾತ್ರ ನಡೆಯುತ್ತಿದ್ದವು. ಮುಧೋಳದ ಗುಜರಿಯವನು ಬಂದು ನೋಡಿಕೊಂಡು ಹೋದ. ಗುಜರಿಯವರು ಮಗ್ಗ ನೋಡುವ ರೀತಿ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದು ಏನು ನೇಯುತ್ತದೆ ಎಂದು ಕೇಳುವುದಿಲ್ಲ, ಎಷ್ಟು ತೂಗೀತು ಎಂದು ಬಡಿದು ನೋಡುತ್ತಾರೆ.

“ಕೊಟ್ಟಬಿಡ್ತೇನಿ ಯವ್ವಾ,” ಎಂದು ಅಣ್ಣ ಫೋನಿನಲ್ಲಿ ನನಗೆ ಹೇಳಿದ. “ಇದರ ಕೂಡ ಇನ್ನ ಎಷ್ಟ್ ಗುದ್ದಾಡ್ಲಿ?”

“ಸ್ವಲ್ಪ ತಡಿಯಣ್ಣಾ. ನಮ್ಮಲ್ಲಿ ಒಂದ್ ಯೋಜನೆ ಬಂದೈತಿ.”

ಬಂದದ್ದು ನಿಜವೇ. ಒಂದು ನೇಕಾರರ ಊರನ್ನು ಆರಿಸಿಕೊಂಡು, ಹೊರದೇಶದವರು ಒಪ್ಪುವಂಥ ಬಟ್ಟೆ ನೇಯುವುದನ್ನು ಕಲಿಸಿ, ನಮ್ಮ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿ, ಕೊಳ್ಳುವವರನ್ನೂ ನಾವೇ ಹುಡುಕಿಕೊಡುವ ಯೋಜನೆ. ಊರು ಯಾವುದು ಎಂಬ ಪ್ರಶ್ನೆ ಬಂದಾಗ ನಾನು ಮೇಜು ಗುದ್ದಿ ರಬಕವಿ-ಬನಹಟ್ಟಿ ಎಂದೆ. ಪಕ್ಕದಲ್ಲಿದ್ದ ಸಹೋದ್ಯೋಗಿ ನಕ್ಕು, “ನಿಮ್ಮ ತವರಲ್ಲವೇ?” ಎಂದ. ತವರೇ, ಏನೀಗ? ತವರಿನ ಬಟ್ಟೆಗೆ ಬಣ್ಣ ಹತ್ತುವುದಿಲ್ಲವೇ?

ನಮ್ಮ ವಿಭಾಗದ ಮುಖ್ಯಸ್ಥರು ರಬಕವಿಗೆ ಬಂದು ಸಭೆ ಮಾಡಿದರು. ಜಗತ್ತಿನೊಂದಿಗೆ ಪೈಪೋಟಿ ಮಾಡಬೇಕು, ಗುಣಮಟ್ಟವೇ ನಮ್ಮ ಆಯುಧ ಎಂದೆಲ್ಲ ಇಂಗ್ಲಿಷಿನಲ್ಲಿ ಹೇಳಿದರು. ಮೈಕಿನ ಪಕ್ಕ ನಿಂತು ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಮೊದಲ ಸಾಲಿನಲ್ಲಿದ್ದ ಅಣ್ಣ ಎದ್ದು ನಿಂತ.

“ಹೊರದೇಶದ ಮಾತ ಆಮ್ಯಾಲ ಆಗ್ಲಿ ರೀ ಸರ. ನಮ್ಮ ಬಟ್ಟಿ ಮೊದಲ ಜಮಖಂಡ್ಯಾಗ ಮಾರಿ ತೋರಸ್ರಿ.”

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಮುಖ್ಯಸ್ಥರು ಏನಂದ ಎಂದು ಕೇಳಿದರು. ನಿಮ್ಮ ಮಾತು ಇಷ್ಟವಾಯಿತಂತೆ ಎಂದುಬಿಟ್ಟೆ. ಅಣ್ಣನ ಕಡೆ ನೋಡಿ ಕಣ್ಣು ಬಿಟ್ಟೆ, ಅವನು ಹಲ್ಲು ಕಿಸಿದು ಕೂತ.

ತಮಾಷೆ ಮಾಡಿದರೂ ಅವನು ಗುಜರಿಯವನಿಗೆ ಈಗ ಬರಬೇಡ ಎಂದು ಹೇಳಿ ಕಳಿಸಿದ. ನನ್ನ ಮಾತಿನ ಮೇಲೆ ಮಗ್ಗಗಳು ಉಳಿದವು. ಬಟ್ಟೆ ಪಾಸಾದರೆ ಆರೂ ಮಗ್ಗಕ್ಕೆ ಕೆಲಸ, ಇಲ್ಲದಿದ್ದರೆ ಆರೂ ಲಾರಿ ಏರುತ್ತವೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ನಾನು ಯಾಕೆ ನಂಬಿದೆ ಎಂದರೆ, ಇದು ವಿಶ್ವವಿದ್ಯಾಲಯವೇ ಮಾಡಬೇಕಾದ ಕೆಲಸ ಎಂದು ಇವತ್ತಿಗೂ ನನಗೆ ಅನ್ನಿಸುತ್ತದೆ. ಬನಹಟ್ಟಿಯ ನೇಕಾರ ಹೊರದೇಶದ ನಿಯಮಾವಳಿ ಎಲ್ಲಿ ಓದಿಯಾನು? ಪರೀಕ್ಷೆ ಮಾಡುವ ಯಂತ್ರ ಎಲ್ಲಿಂದ ತಂದಾನು? ದೇಶದ ಪರವಾಗಿ ಆ ಭಾರ ಹೊರಲಿಕ್ಕೆಂದೇ ಜನರ ದುಡ್ಡಿನಲ್ಲಿ ನಮ್ಮನ್ನು ಸಾಕಿರುವುದು. ಬಟ್ಟೆ ತಿರಸ್ಕಾರವಾದರೆ ಯಾಕಾಯಿತು ಎಂದು ಹುಡುಕಿ, ನೇಕಾರನ ಮಾತಿನಲ್ಲೇ ಅವನಿಗೆ ತಿಳಿಸಿ, ತಿದ್ದಿಸಿ, ಮತ್ತೆ ಕಳಿಸಬೇಕು. ಮುಂದೆ ಹೋದ ದೇಶಗಳು ಮೊದಲ ಸಲಕ್ಕೇ ಗೆದ್ದವಲ್ಲ, ಅವಕ್ಕೆ ಮತ್ತೆ ಕಳಿಸುವವರಿದ್ದರು. ಇದನ್ನು ನಾನು ತರಗತಿಯಲ್ಲಿ ಹುಡುಗರಿಗೆ ಗಂಟಲು ಹರಿಯುವಂತೆ ಹೇಳಿದ್ದೇನೆ.

ನಮ್ಮ ವಿದ್ಯಾರ್ಥಿಗಳು ಜಮಖಂಡಿಯ ಲಾಡ್ಜಿನಲ್ಲಿ ಇಳಿದುಕೊಂಡು ಬನಹಟ್ಟಿಗೆ ಬಂದು ಹೋಗಿ ಮಾಡತೊಡಗಿದರು. ಮೊದಲ ದಿನ ಬಂದರೆ ಊರಲ್ಲಿ ಒಂದು ಮಗ್ಗವೂ ನಡೆಯುತ್ತಿಲ್ಲ. ಅವತ್ತು ಅಮಾವಾಸ್ಯೆ, ನಮ್ಮಲ್ಲಿ ಮಗ್ಗಕ್ಕೆ ರಜೆ. ಪಾಪ, ಅವರ ವೇಳಾಪಟ್ಟಿಯಲ್ಲಿ ಅಮಾವಾಸ್ಯೆ ಇರಲಿಲ್ಲ. ವೈನಿ, ಎಂದರೆ ಅಣ್ಣನ ಹೆಂಡತಿ, ಅವರನ್ನೆಲ್ಲ ಕೂಡಿಸಿ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಬಡಿಸಿ ಕಳಿಸಿದರು. ಮರುದಿನದಿಂದ ಕೆಲಸ ಶುರುವಾಯಿತು. ಹೊರದೇಶದ ಮಂಚಗಳಿಗೆ ಹಾಸುವ ಬಿಳಿ ಹತ್ತಿ ಬಟ್ಟೆ. ಎಳೆಯ ಬಿಗಿ ಎಷ್ಟಿರಬೇಕು, ದಾರ ಕಡಿದರೆ ಗಂಟು ಹೇಗಿರಬೇಕು ಎಂದು ಹುಡುಗರು ಹೇಳಿದಂತೆಲ್ಲ ಅಣ್ಣ ಮಾಡಿದ. ಆಗದಿದ್ದಲ್ಲಿ ಬೈದು ಮಾಡಿದ. ಫೋನಿನಲ್ಲಿ ವೈನಿ, “ನಿಮ್ಮಣ್ಣ ಊಟಕ್ಕ ಕರದ್ರೂ ಬರವಲ್ಲ ಯವ್ವಾ, ಹೊಸದಾಗಿ ಮದುವಿಯಾದಾಂಗ ಮಗ್ಗದ ಮುಂದ ನಿಂತಾನ,” ಎಂದು ನಗುತ್ತಿದ್ದರು. ನನಗೂ ಖುಷಿಯಾಗುತ್ತಿತ್ತು.

ನಮ್ಮ ಮನೆಗಳಲ್ಲಿ ಒಂದು ಪದ್ಧತಿ ಇದೆ. ಮಗ್ಗಕ್ಕೆ ಹೊಸ ಹಾಸು, ಎಂದರೆ ಉದ್ದದ ಎಳೆಗಳನ್ನು, ಏರಿಸಿ ನೇಯ್ದಾಗ ಮೊದಲು ಕತ್ತರಿಸಿದ ಬಟ್ಟೆ ದೇವರಿಗೆ. ಅದರ ಮೂಲೆಗೆ ಅರಿಸಿನ ಕುಂಕುಮ ಹಚ್ಚಿ, ದೇವರ ಜಗುಲಿಯ ಮೇಲಿಟ್ಟು ಕಾಯಿ ಒಡೆಯುತ್ತಾರೆ. ಆಮೇಲೆ ಆ ಬಟ್ಟೆಯನ್ನು ಮಾರುವುದಿಲ್ಲ, ಮಾನದವರಿಗೆ ಉಡುಗೊರೆ ಕೊಡುತ್ತಾರೆ. ನಾನು ಈ ಕೆಲಸಕ್ಕೆ ಸೇರಿದಾಗಲೂ ಅಣ್ಣ ಅಂಥದೊಂದು ಸೀರೆ ಕೊಟ್ಟಿದ್ದ.

ಪರೀಕ್ಷೆಗೆ ಬಟ್ಟೆ ಕಳಿಸುವಾಗ ನಾನು ಊರಲ್ಲಿರಲಿಲ್ಲ. ಥಾನಿನ, ಎಂದರೆ ನೇಯ್ದ ಸುರುಳಿಯ, ನಡುವಿನಿಂದ ಕತ್ತರಿಸಿ ಕಳಿಸಿ ಎಂದು ಹುಡುಗರು ಅಣ್ಣನಿಗೆ ಸರಿಯಾಗಿಯೇ ಹೇಳಿದ್ದರು. ತುದಿಯ ಬಟ್ಟೆಗೆ ಕೈಯ ಕೊಳೆ, ಎಣ್ಣೆ ಹತ್ತಿರುತ್ತದೆ, ಅದಕ್ಕೇ ಎಂದು ಮಾತ್ರ ಹೇಳಲಿಲ್ಲ. ಬಟ್ಟೆ ನಮ್ಮ ಪ್ರಯೋಗಾಲಯಕ್ಕೆ ಬಂತು. ಎಳೆದು ನೋಡಿದರು, ಗಟ್ಟಿ. ತೊಳೆದು ಅಳೆದರು, ಹೆಚ್ಚು ಕುಗ್ಗಿಲ್ಲ. ಹುಡುಗಿಯೊಬ್ಬಳು ಓಡಿಬಂದು ಪಾಸ್ ಆಗ್ತಿದೆ ಮೇಡಂ ಎಂದಳು. ಕೊನೆಗೆ ಉಳಿದದ್ದು ಬೆವರಿನ ಪರೀಕ್ಷೆ. ಮೈಬೆವರಿನಂಥ ದ್ರಾವಣ ಮಾಡಿ ಬಟ್ಟೆಯನ್ನು ಅದರಲ್ಲಿ ನೆನೆಸಿಡುತ್ತೇವೆ. ತೆಗೆದು ನೋಡಿದರೆ ಹಾಲಿನಂಥ ಬಟ್ಟೆಯ ಒಂದು ಮೂಲೆಯಲ್ಲಿ ಕೆಂಪು ಕಲೆ.

ಹುಡುಗರು ಮುಖ ಮುಖ ನೋಡಿಕೊಂಡರು. ನನಗೆ ಕಂಡ ಕ್ಷಣವೇ ಗೊತ್ತಾಯಿತು. ಆರತಿ ನೀರು ಮಾಡುವ ಮನೆಯಲ್ಲಿ ಹುಟ್ಟಿದವಳು ನಾನು. ಅರಿಸಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುತ್ತದೆ ಎನ್ನುವುದಕ್ಕೆ ನನಗೆ ರಸಾಯನಶಾಸ್ತ್ರ ಬೇಕಿಲ್ಲ. ನಮ್ಮ ದ್ರಾವಣವೂ ಸುಣ್ಣದ ಗುಣದ್ದೇ.

ಅಣ್ಣನಿಗೆ ಫೋನ್ ಹಚ್ಚಿದೆ.

“ಸ್ಯಾಂಪಲ್ ಎಲ್ಲಿಂದ ಕತ್ತರಸಿದಿ ಅಣ್ಣಾ?”

“ದೇವರ ಮುಂದ ಇಟ್ಟದ್ದ ಕಳಸೇನಿ. ಯಾಕ?”

“ನಡುವಿಂದ ಕಳಸ್ರಿ ಅಂದಿದ್ದಿಲ್ಲೇನು ಹುಡುಗರು?”

“ಅಂದಿದ್ರು. ಹಂಗಂತ ಬ್ಯಾರೆ ದೇಶದಾವ್ರಿಗೆ ನಡಬರಕಿಂದು ಕೊಡೂದೇನು? ಮೊದಲನೇದ್ದ ಕೊಡಬೇಕು. ನಿಮ್ಮ ವೈನಿ ಸಬಕಾರ ಹಚ್ಚಿ ತಿಕ್ಕಿ ತೊಳದು ಬಿಸಲಾಗ ಹಾಕ್ಯಾಳ. ಕಲಿ ಪೂರಾ ಹೋಗೇತಿ, ನಾನ ಕಣ್ಣಾರೆ ನೋಡೇನಿ.”

ಹೌದು, ಬಿಸಿಲಿಗೆ ಅರಿಸಿನದ ಬಣ್ಣ ಹೋಗುತ್ತದೆ, ಕಣ್ಣಿಗೆ ಕಾಣದಷ್ಟು. ಎಳೆಯ ಒಳಗೆ ಉಳಿದದ್ದನ್ನು ಕಾಣಲು ನಮ್ಮ ದ್ರಾವಣ ಬೇಕಾಯಿತು. ಮನೆಯಲ್ಲಿದ್ದ ಅತಿ ಒಳ್ಳೆಯದನ್ನು ಕೊಟ್ಟವನಿಗೆ ಯಾವ ಬಾಯಿಂದ ಬೈಯಲಿ?

ಮುಖ್ಯಸ್ಥರು ಪ್ರವಾಸದಲ್ಲಿದ್ದರು, ಮರುವಾರ ಬಂದ ಕೂಡಲೇ ಅವರ ಕೋಣೆಗೆ ಹೋದೆ. ಬಟ್ಟೆಯಲ್ಲಿ ದೋಷವಿಲ್ಲ, ಅದು ಪೂಜೆಯ ಅರಿಸಿನ, ಇನ್ನೊಂದು ತುಂಡು ನಾನೇ ಹೋಗಿ ತರುತ್ತೇನೆ ಎಂದೆ. ಫಲಿತಾಂಶ ಪ್ರಯೋಗಾಲಯದಿಂದ ನೇರವಾಗಿ ಕೊಳ್ಳುವವರಿಗೆ ಆಗಲೇ ಹೋಗಿದೆ ಎಂದರು. ಕೊಳ್ಳುವವರ ಉತ್ತರವೂ ಬಂದಿತ್ತು: ಬಟ್ಟೆಯ ಗುಣಮಟ್ಟದ ಮೇಲೆ ಹಿಡಿತವಿಲ್ಲದ ಕಡೆಯಿಂದ ನಾವು ತರಿಸುವುದಿಲ್ಲ, ಬೇರೆ ದೇಶದ ಮಿಲ್ಲು ಗೊತ್ತು ಮಾಡಿಕೊಂಡಿದ್ದೇವೆ.

“ಹಾಗಾದರೆ ಬೇರೆಯವರನ್ನು ಹುಡುಕೋಣ ಸರ್.”

“ಯೋಜನೆಯ ಅವಧಿ ಮುಗಿಯಿತಲ್ಲ.”

“ಅವಧಿ ನಮ್ಮದು ಸರ್. ಮಗ್ಗ ಅವರದು.”

ನನ್ನ ಬಾಯಿ ಮೊದಲೇ ಖಾರ, ಅವತ್ತು ಹೊರಗಿನ ಗುಮಾಸ್ತರಿಗೆಲ್ಲ ಕೇಳಿಸುವಂತೆ ಕೂಗಾಡಿದೆ. ಅವರು ಕೆಟ್ಟವರಲ್ಲ, ನೀರು ತರಿಸಿ ಕೊಟ್ಟರು. ಮುಂದಿನ ಯೋಜನೆ ಬೇರೆ ರಾಜ್ಯಕ್ಕೆ, ಬೇರೆ ವಿಷಯಕ್ಕೆ ಎಂದರು. ನಾನು ಎದ್ದು ಬರುವಾಗ, ಬಿಸಿಲಿಗೆ ಮಾಸಿದ ಅರಿಸಿನ ಮತ್ತೆ ಕಾಣಿಸಿಕೊಂಡದ್ದು ಒಳ್ಳೆಯ ಸಂಶೋಧನಾ ಪ್ರಬಂಧವಾಗುತ್ತದೆ ನೋಡಿ ಎಂದೂ ಸೇರಿಸಿದರು.

ಆಯಿತೂ ಕೂಡ. ವಿದೇಶದ ಪತ್ರಿಕೆಯೊಂದು ಅದನ್ನು ಪ್ರಕಟಿಸಿತು. ನನ್ನ ಹೆಸರು ಹಾಕಬೇಡಿ ಎಂದೆ, ಹಾಕಲಿಲ್ಲ. ವಿಭಾಗದಲ್ಲಿ ಕೇಕ್ ಕತ್ತರಿಸಿದರು. ಅಂಥ ಪ್ರಬಂಧಗಳನ್ನೆಲ್ಲ ಲೆಕ್ಕ ಹಾಕಿ ಜಗತ್ತಿನ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ನಮ್ಮನ್ನು ಮೇಲೆ ಏರಿಸಿದರಂತೆ, ಗೇಟಿಗೆ ದೊಡ್ಡ ಬ್ಯಾನರ್ ಬಿತ್ತು. ನಮ್ಮ ಸ್ಪರ್ಧಾಶಕ್ತಿ ಹೆಚ್ಚಿತು, ಸುಳ್ಳಲ್ಲ. ದೇಶದ್ದು ಎಲ್ಲಿ ಹೆಚ್ಚಿತೋ ಆ ದೇವರಿಗೇ ಗೊತ್ತು.

ಊರಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಮುಚ್ಚಿಡಬಹುದಿತ್ತೇನೋ, ಆದರೆ ಅಣ್ಣ ಯಾಕ ಫೇಲಾತು ಎಂದು ನೇರವಾಗಿ ಕೇಳಿದ. ವೈನಿ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲೇ ಕುಸಿದು ಕೂತರು.

“ನನ್ನ ಕೈಯಾರೆ ಹಚ್ಚಿದ್ನೆಲ್ಲ ಯವ್ವಾ. ನಾನ ಹಾಳ ಮಾಡಿದ್ನೆಲ್ಲ.”

“ಸುಮ್ನಿರ. ದೇವರಿಗೆ ಹಚ್ಚೂದು ತಪ್ಪಂತ ಯಾರರ ಅಂತಾರೇನು?” ಎಂದ ಅಣ್ಣ. ಆಮೇಲೆ ನನ್ನ ಕಡೆ ತಿರುಗಿ, “ಇನ್ನೊಮ್ಮೆ ಕಳಿಸಿದ್ರ ಆಗ್ತಿತ್ತು ಹೌದಿಲ್ಲೋ?” ಎಂದು ಕೇಳಿದ.

ಹೌದು ಎಂದೆ. ಇಲ್ಲ ಎಂದಿದ್ದರೆ ಅವನಿಗೆ ಹಗುರವಾಗುತ್ತಿತ್ತು ಎಂದು ಆಮೇಲೆ ಹೊಳೆಯಿತು.

ನಾನಿದ್ದಾಗಲೇ ಲಾರಿ ಬಂತು. ಮಗ್ಗಗಳನ್ನು ಬಿಚ್ಚುವ ಗೋಜಿಗೂ ಹೋಗದೆ ಗ್ಯಾಸಿನ ಬೆಂಕಿಯಿಂದ ತುಂಡು ಮಾಡಿ ಹೇರಿದರು. ವೈನಿ ಅಕ್ಕನ ಮನೆಗೆಂದು ಬೀಳಗಿಗೆ ಹೋಗಿಬಿಟ್ಟಿದ್ದರು. ಅಣ್ಣ ಮಾತ್ರ ಕೊನೆಯತನಕ ನಿಂತು ನೋಡಿದ, ಹೇರುವವರಿಗೆ ಚಹಾ ಕೂಡ ತರಿಸಿದ. ನಾನು ಅಳುತ್ತಿದ್ದೆ, ಸಿಟ್ಟಿನಿಂದಲೋ ದುಃಖದಿಂದಲೋ ನನಗೇ ಗೊತ್ತಾಗಲಿಲ್ಲ.

ಲಾರಿ ಹೋದ ಮೇಲೆ ಅಣ್ಣ ಕಟ್ಟೆಯ ಮೇಲೆ ಕೂತು ಮೊಬೈಲ್ ತೆಗೆದ. ನಮ್ಮ ವಿಭಾಗದ ಒಂದು ಫೋಟೋ ಎಲ್ಲಿಂದಲೋ ಹುಡುಕಿ ಇಟ್ಟುಕೊಂಡಿದ್ದ. ಅದರಲ್ಲಿ ಹೊಳೆಯುವ ಹಾಲ್, ನಡುವೆ ಒಂದು ಮಗ್ಗ.

“ಇದು ನಿಮ್ಮಲ್ಲಿಂದು ಹೌದಲ್ಲ? ಯಾರ ನಡಸ್ತಾರ ಇದನ್ನ?”

“ಯಾರೂ ನಡಸಂಗಿಲ್ಲ. ಬಂದಾವ್ರಿಗೆ ತೋರ್ಸಾಕ ಇಟ್ಟಾರ.”

“ಹಂಗಾರ ನನ್ನ ಕರಕೊಂಡ ಹೋಗ. ಪಗಾರ ಎಷ್ಟರ ಕೊಡ್ಲಿ. ಎಣ್ಣಿ ಹಚ್ಚಿಕೋತ, ಧೂಳ ಒರಸಿಕೋತ ಇರ್ತೇನಿ. ಯಾರರ ಬಂದಾಗ ನಾಕ್ ಗೇಣ ನೇದ ತೋರಸ್ತೇನಿ.”

ತಮಾಷೆಯೇನೋ ಎಂದು ಅವನ ಮುಖ ನೋಡಿದೆ. ತಮಾಷೆಯಾಗಿರಲಿಲ್ಲ.

“ಅಂಥಾ ಹುದ್ದೇನ ಇಲ್ಲಣ್ಣಾ ನಮ್ಮಲ್ಲಿ.”

“ಅಷ್ಟ ದೊಡ್ಡ ಸಾಲ್ಯಾಗ ಮಗ್ಗ ಐತಿ, ನೇಯಾವ ಬ್ಯಾಡೇನು?”

“ಬ್ಯಾಡಣ್ಣಾ,” ಎಂದೆ.