ಹುಣಸೆ ನೀರಿನಲ್ಲಿ ಕರಗಿದ ತಿಂಗಳುಗಳು

ತೊಳೆಯಬಾರದ ವಸ್ತು ಮನೆಯಲ್ಲಿದ್ದರೆ ಅದು ಕಣ್ಣಿಗೆ ಬೀಳುವಂತೆ ಬರೆದಿಡಬೇಕು. ಮಗಳಿಗೆ ಅವತ್ತು ಹೇಳಿದ್ದೂ ಇದನ್ನೇ, ಈಗಲೂ ಹೇಳುವುದು ಇದನ್ನೇ. ಅವಳು ಬರೆದಿದ್ದಳಂತೆ. ಎಲ್ಲಿ? ಡಬ್ಬದ ಮುಚ್ಚಳದ ಒಳಮೈಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಮುಚ್ಚಳದ ಒಳಗೆ ಓದುವುದಕ್ಕೆ ಯಾರು ಹೋಗುತ್ತಾರೆ?

ಮಗಳು ಸಮುದ್ರದ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಕೇಳಿದವರಿಗೆ ಇಷ್ಟು ಹೇಳಿ ನಾನು ಮಾತು ಬದಲಿಸುತ್ತೇನೆ. ಮುಂದುವರಿದರೆ, ಶಿರಸಿಯಲ್ಲಿ ಎಲ್ಲಿದೆ ಸಮುದ್ರ ಎಂದು ಕೇಳುತ್ತಾರೆ. ಆಮೇಲೆ ಚಿಪ್ಪಿನ ವಿಷಯ ಹೇಳಬೇಕಾಗುತ್ತದೆ. ಆಮೇಲೆ ಅವರ ಮುಖ ನೋಡಬೇಕಾಗುತ್ತದೆ.

ಚಿಪ್ಪಿನ ವಿಷಯ ಇಷ್ಟು. ಅಘನಾಶಿನಿ ಸಮುದ್ರ ಸೇರುವಲ್ಲಿ, ಉಪ್ಪುನೀರಿನ ಕೆಸರಿನಲ್ಲಿ ಬಳಚು ಎಂಬ ಜೋಡಿಚಿಪ್ಪಿನ ಜೀವಿ ಸಿಗುತ್ತದೆ. ಕರಾವಳಿಯವರು ಇಳಿತದ ಹೊತ್ತಿಗೆ ಹೆಕ್ಕಿ ತಂದು, ಒಳಗಿನ ಮಾಂಸದಿಂದ ಅನ್ನಕ್ಕೆ ಪದಾರ್ಥ ಮಾಡುತ್ತಾರೆ. ಈ ಬಳಚು ಬದುಕಿರುವಷ್ಟು ಕಾಲ ತನ್ನ ಚಿಪ್ಪಿನ ಅಂಚಿಗೆ ಚೂರು ಚೂರೇ ಸುಣ್ಣ ಸೇರಿಸಿಕೊಳ್ಳುತ್ತ ಹೋಗುತ್ತದೆ. ನೀರು ಹಿತವಾಗಿದ್ದರೆ ಗೆರೆಗಳು ಬಿಡಿಬಿಡಿ. ಮಳೆಗಾಲದಲ್ಲಿ ನಮ್ಮ ಘಟ್ಟದ ಸಿಹಿನೀರು ನುಗ್ಗಿದಾಗ ಬೆಳವಣಿಗೆ ನಿಂತು ಗೆರೆಗಳು ಒತ್ತಾಗಿ ಒಂದು ಕಪ್ಪು ಪಟ್ಟಿ. ಚಿಪ್ಪನ್ನು ಅಡ್ಡ ಕೊಯ್ದು, ನುಣುಪು ಮಾಡಿ, ಗೆರೆಗೆರೆಯಿಂದ ಒಂದಿಷ್ಟು ಪುಡಿ ಕೊರೆದು ಪರೀಕ್ಷಿಸಿದರೆ ಆ ಗೆರೆ ಮೂಡುವಾಗ ನೀರು ಎಷ್ಟು ಬೆಚ್ಚಗಿತ್ತು, ಎಷ್ಟು ಉಪ್ಪಾಗಿತ್ತು ಎಂದು ತಿಳಿಯುತ್ತದಂತೆ. ನದಿದಡದ ಮಣ್ಣಿನಡಿ ಹಳೇ ಕಾಲದ ಚಿಪ್ಪುಗಳ ರಾಶಿಯೇ ಇದೆ. ಅವನ್ನು ಓದಿದರೆ ಆ ಕಾಲದ ಕಡಲು ಹೇಗಿತ್ತೆಂದು ಹೇಳಬಹುದು.

ಆದರೆ ಹಳೆಯದನ್ನು ಓದಲು ಮೊದಲು ಹೊಸದರಿಂದ ಅಕ್ಷರಾಭ್ಯಾಸ ಆಗಬೇಕು. ಅದಕ್ಕೆ ಮಗಳು ನದಿಯಲ್ಲಿ ಒಂದು ಕಂಬ ನೆಟ್ಟು, ನೀರಿನ ಬಿಸಿಯನ್ನು ತಾನಾಗಿಯೇ ದಾಖಲಿಸಿಕೊಳ್ಳುವ ಪುಟ್ಟ ಯಂತ್ರ ಕಟ್ಟಿದ್ದಳು. ಮಳೆಗಾಲ ಮುಗಿದಾಗ ಕಟ್ಟಿದ್ದು, ಮೇ ಬರುವವರೆಗೂ ಅಲ್ಲೇ ಇತ್ತು. ಆ ಕಂಬದ ಬುಡದಲ್ಲೇ ಬೆಳೆದ ಹತ್ತು ಬಳಚು ತಂದು ಚಿಪ್ಪು ಇಟ್ಟುಕೊಂಡಿದ್ದಳು. ಯಂತ್ರದ ಲೆಕ್ಕವನ್ನೂ ಚಿಪ್ಪಿನ ಕೊನೆಯ ಗೆರೆಗಳನ್ನೂ ತಾಳೆ ನೋಡಬೇಕು. ಪ್ರಯೋಗಾಲಯದಲ್ಲಿ ಚಿಪ್ಪು ಕೊಯ್ಯುವ ಯಂತ್ರ ಅವಳ ಪಾಲಿಗೆ ಸಿಗುವುದಿದ್ದದ್ದು ಮೇ ಕೊನೆಯ ಒಂದು ಸೋಮವಾರ. ಆ ಹೊತ್ತಿಗೆ ಚಿಪ್ಪು ಕೈಯಲ್ಲಿಲ್ಲದಿದ್ದರೆ ಮತ್ತೆ ಮಳೆಗಾಲ ಕಳೆದು, ಮತ್ತೆ ಕಂಬ ನೆಟ್ಟು, ಒಂದು ವರ್ಷ ಹಿಂದೆ.

ಇದೆಲ್ಲ ನನಗೆ ಚೆನ್ನಾಗಿ ಗೊತ್ತಾದದ್ದು ಚಿಪ್ಪು ಹಾಳು ಮಾಡಿದ ಮೇಲೆ.

ಅವತ್ತು ಗುರುವಾರ. ಮಗಳು ಯಲ್ಲಾಪುರದ ಕಾಲೇಜೊಂದರಲ್ಲಿ ಇದೇ ಚಿಪ್ಪಿನ ಬಗ್ಗೆ ಮಾತಾಡಲು ಹೋಗಿದ್ದಳು, ಉಳಿಯುವುದು ಗೆಳತಿಯ ಮನೆಯಲ್ಲಿ. ಶನಿವಾರ ಮಾವನವರ ತಿಥಿ. ಅತ್ತೆ ಬಾಲ್ಕನಿಯಲ್ಲಿದ್ದ ಚಿಪ್ಪಿನ ಡಬ್ಬವನ್ನು ಕಂಡು ನನ್ನನ್ನು ಕೂಗಿದರು; ಸೊಸೆಯನ್ನು ಅವರು ಕರೆಯುವುದು ತಂಗಿ ಎಂದೇ.

“ತಂಗೀ, ಇದೆಂತದೇ? ನಾಡಿದ್ದು ಭಟ್ರು ಬತ್ತ. ಸತ್ತ ಪ್ರಾಣಿದು ಮನೆಲಿ ಮಡಿಕ್ಯಂಡು ತಿಥಿ ಮಾಡವಾ?”

“ಬರೀ ಚಿಪ್ಪು, ಅತ್ತೆ. ಒಳಗೆ ಎಂತದೂ ಇಲ್ಲೆ.”

“ಈಗ ಇಲ್ಲೆ. ಮುಂಚೆ ಇದ್ದಿತ್ತಲೆ!”

ಮಗಳಿಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಭಾಷಣ ಮಾಡುತ್ತಿದ್ದಳಲ್ಲ, ಎತ್ತುವುದು ಹೇಗೆ. ಡಬ್ಬ ಪಕ್ಕದ ಮನೆಯಲ್ಲಿಡಲೇ ಎಂದರೆ, “ನಮ್ಮನೆ ಮೈಲಿಗೆ ಅವ್ರ ಮನೆಗೆ ಎಂತಕ್ಕೆ” ಎಂದರು. ಕೊನೆಗೆ ಅವರೇ ಪರಿಹಾರ ಕೊಟ್ಟರು. “ದೇವರ ಪಾತ್ರೆ ತಿಕ್ಕ ಹುಣಸೆ ಹುಳೀಲಿ ನೆನೆಸಿ ತೊಳದ್ರೆ ಶುದ್ಧ ಆಗ್ತು. ಆಮೇಲೆ ಎಲ್ಲಿ ಬೇಕಾರೂ ಇಡು.”

ನನಗೂ ಅದು ಸರಿ ಎನಿಸಿತು. ಸುಳ್ಳು ಯಾಕೆ ಹೇಳಲಿ, ಆ ಚಿಪ್ಪುಗಳ ಕೊಳಕು ನನಗೂ ಆಗುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ದಿನಾ ಬೆಳಿಗ್ಗೆ ಸಿಸ್ಟರುಗಳಿಗೆ ಉಗುರು ತೋರಿಸಿ ಬೆಳೆದವಳು ನಾನು. ಹಳೇ ಹುಣಸೆಯನ್ನು ಗಟ್ಟಿಯಾಗಿ ಕಿವುಚಿ ಬೋಗುಣಿಯಲ್ಲಿ ಹತ್ತನ್ನೂ ಮುಳುಗಿಸಿದೆ. ಸ್ವಲ್ಪ ಹೊತ್ತಿಗೆ ಪ್ರತಿ ಚಿಪ್ಪಿನ ಮೈಮೇಲೂ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎದ್ದವು. ಎಷ್ಟು ಹೊತ್ತು ನೋಡುತ್ತ ಕೂತಿದ್ದೆ! ಕೊಳೆ ಹೇಗೆ ಬಿಡುತ್ತಿದೆ ನೋಡು ಅಂದುಕೊಂಡೆ. ಬಿಡುತ್ತಿದ್ದದ್ದು ಚಿಪ್ಪೇ ಎಂದು ಹೊಳೆಯಲಿಲ್ಲ. ಮರುದಿನ ಬೆಳಿಗ್ಗೆ ತೆಂಗಿನ ನಾರಿನಲ್ಲಿ ತಿಕ್ಕಿದೆ. ಅಂಚಿನಲ್ಲಿ ಒರಟಾಗಿದ್ದುದೆಲ್ಲ ಉದುರಿ ನುಣ್ಣಗಾಯಿತು. ಯಾರೋ ಪೆನ್ಸಿಲ್ಲಿನಲ್ಲಿ ಗೀಚಿದ ಅಂಕಿಗಳಿದ್ದವು, ಅವೂ ಹೋದವು. ಬಿಳಿ ಬಟ್ಟೆಯ ಮೇಲೆ ಒಣಗಿಸಿದಾಗ ಮಲ್ಲಿಗೆಯಂತೆ ಕಂಡವು. ಅವತ್ತೇ ಮಧ್ಯಾಹ್ನ ಮಗಳು ಬಂದ ಕೂಡಲೇ ನಾನೇ ಕರೆದು ತೋರಿಸಿದೆ.

ಅವಳು ಒಂದನ್ನು ಎತ್ತಿ ಅಂಚಿನ ಮೇಲೆ ಬೆರಳಾಡಿಸಿದಳು. ಇನ್ನೊಂದನ್ನು ಎತ್ತಿದಳು.

“ಆಯೀ, ಎಂತ ಮಾಡಿಟ್ಯೆ ಇದು?”

“ತೊಳದಿಟ್ಟೆ. ಹುಣಸೆ ಹುಳೀಲಿ.”

“ಹುಳೀಲಿ!” ಎಂದು ನೆಲದ ಮೇಲೆ ಕೂತೇಬಿಟ್ಟಳು. “ಸುಣ್ಣದ ಮೇಲೆ ಹುಳಿ ಹಾಕಿದ್ರೆ ಎಂತ ಆಗ್ತು ಹೇಳಿ ನಿಂಗೆ ಗೊತ್ತಿಲ್ಯಾ? ನೀನೇ ಎಂಗೆ ಏಳನೇ ಕ್ಲಾಸಿನ ಸೈನ್ಸ್ ಹೇಳಿಕೊಟ್ಟಿದ್ದು!”

ಹೌದು, ನಾನೇ ಹೇಳಿಕೊಟ್ಟಿದ್ದೆ. ಪುಸ್ತಕದಲ್ಲಿ ಲೋಟದ ಚಿತ್ರವಿತ್ತು, ಬೋಗುಣಿಯದ್ದಲ್ಲ. ಈ ಮಾತು ಬಾಯಿಗೆ ಬಂದಿತ್ತು, ನುಂಗಿದೆ. ಉಳಿದ ಗೆರೆಗಳಾದರೂ ಇವೆಯಲ್ಲ ಎಂದೆ. ಒಳಗಿನ ಗೆರೆಗಳೆಲ್ಲ ಹಳೆಯವು, ಕಂಬಕ್ಕೆ ಯಂತ್ರ ಕಟ್ಟುವ ಮುಂಚಿನವು. ತಾಳೆ ನೋಡಬೇಕಾದ ತಿಂಗಳುಗಳು ಇದ್ದದ್ದು ಅಂಚಿನಲ್ಲಿ, ಅದನ್ನೇ ನಾರಿನಲ್ಲಿ ತಿಕ್ಕಿದ್ದೀಯ ಎಂದಳು. ಅತ್ತೆ ಒಳಗಿನಿಂದ, “ಈಗ ಶುದ್ಧ ಆತಲೆ, ಇನ್ನೆಂತ?” ಎಂದು ಕೂಗಿದರು.

ಒಂದೇ ದಾರಿಯಿತ್ತು. ಕಂಬ ಇನ್ನೂ ಅಲ್ಲೇ ಇದೆ. ಅದರ ಬುಡದಲ್ಲಿ ಮತ್ತೆ ಬಳಚು ಸಿಕ್ಕರೆ ಅವುಗಳಲ್ಲೂ ಅದೇ ತಿಂಗಳುಗಳು ಇರುತ್ತವೆ. ಆದರೆ ಮೇ ತಿಂಗಳ ಕೊನೆ. ದೊಡ್ಡ ಮಳೆ ಹಿಡಿದರೆ ನದಿ ಕೆಂಪಾಗಿ ನುಗ್ಗುತ್ತದೆ, ಆ ಕೆಸರಿಗೆ ಯಾರೂ ಇಳಿಯುವುದಿಲ್ಲ. ಇವತ್ತೇ ಹೋಗು ಎಂದರೆ, ಇವತ್ತಿನ ಇಳಿತ ಆಗಲೇ ಮುಗಿದಿತ್ತು. ನಾಳೆ ಎಂದರೆ ತಿಥಿ. ಮೊಮ್ಮಗಳು ತಿಥಿ ಬಿಟ್ಟು ಬಳಚು ಹೆಕ್ಕಲು ಹೋದಳೆಂದರೆ ಅತ್ತೆ ಆ ಸಿಟ್ಟಿನಲ್ಲೇ ಒಂದು ಮಳೆಗಾಲ ಕಳೆದಾರು. ಉಳಿದದ್ದು ಭಾನುವಾರ.

ಶನಿವಾರ ಇಡೀ ದಿನ ನಾನು ವಡೆ ಕರಿಯುತ್ತ ಕಿಟಕಿ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಮೋಡ ಕವಿಯಿತು. ಭಟ್ಟರು ಉಣ್ಣುತ್ತ, “ಈ ಸಲ ಮಳೆ ಬೇಗ ಹಿಡಿತು ಕಾಣ್ತು, ಒಳ್ಳೇದೇ ಆತು” ಎಂದರು. ನನ್ನ ಯಜಮಾನರು ಅದಕ್ಕೆ ತಲೆದೂಗಿ, ನನ್ನ ಮುಖ ನೋಡಿ, ಎರಡನೇ ಸಲ ದೂಗುವುದನ್ನು ಬಿಟ್ಟರು. ಮಗಳು ಪಾಯಸ ಬಡಿಸುತ್ತಿದ್ದಳು. ಅವಳ ಸೌಟು ಒಂದು ಗಳಿಗೆ ಎಲೆಯ ಮೇಲೆ ಸುಮ್ಮನೆ ನಿಂತಿತು. ಭಟ್ಟರ ಮೇಲೆ ನನಗೆ ಎಂದೂ ಸಿಟ್ಟು ಬಂದದ್ದಿಲ್ಲ, ಅವತ್ತು ಬಂತು.

ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ನೀನು ಎಂತಕ್ಕೆ ಎಂದು ಮಗಳು ಕೇಳಿದಳು. ಡಬ್ಬ ಹಿಡಿಯಲು ಎಂದೆ. ಘಟ್ಟದ ಕೆಳಗೆ ತುಂತುರು ಇತ್ತು, ಅಷ್ಟೇ.

ನದಿದಡದಲ್ಲಿ ಮಗಳಿಗೆ ಗುರುತಿನ ಹೆಂಗಸೊಬ್ಬಳು ಬುಟ್ಟಿ ಹಿಡಿದು ನಿಂತಿದ್ದಳು. ಮೊದಲ ಹತ್ತನ್ನು ಹೆಕ್ಕಿ ಕೊಟ್ಟವಳೂ ಅವಳೇ. ಕತೆ ಕೇಳಿ ಬುಟ್ಟಿ ಕೆಳಗಿಟ್ಟು ನಕ್ಕಳು.

“ಹುಣಸೆ ಹಾಕಿದ್ರಾ? ಹುಣಸೆ ಹಾಕೂದು ಪದಾರ್ಥಕ್ಕೆ ಅಮಾ! ಚಿಪ್ಪಿಗೆ ಹಾಕಿ, ಒಳಗಿಂದು ಬಿಟ್ರಲ್ರಾ!”

ನಾನೂ ನಗಬೇಕಾಯಿತು. ಆಮೇಲೆ ಅವಳು ನಗು ನಿಲ್ಲಿಸಿ, ಕಂಬದ ಸುತ್ತ ಮೊನ್ನೆಯೇ ಜನ ಹೆಕ್ಕಿ ಹೋಗಿದ್ದಾರೆ, ಸಿಗುವುದು ಕಷ್ಟ ಎಂದಳು. ಇಬ್ಬರೂ ಮೊಣಕಾಲುದ್ದ ಕೆಸರಿಗೆ ಇಳಿದು ಕಾಲಿನಲ್ಲೇ ತಡಕಿದರು. ನಾನು ದಡದಲ್ಲಿ ಡಬ್ಬ ಹಿಡಿದು ನಿಂತೆ. ಒಂದು ಸಿಕ್ಕಿತು. ತುಂಬ ಹೊತ್ತಿನ ಮೇಲೆ ಇನ್ನೆರಡು. ನೀರು ಏರತೊಡಗಿದಾಗ ನಾಲ್ಕಿದ್ದವು. ನಾಲ್ಕು ಸಾಲುವುದಿಲ್ಲ, ಕೊಯ್ಯುವಾಗ ಒಡೆಯುವುದೂ ಉಂಟು ಎಂದಳು ಮಗಳು. ನಾನು ಸೀರೆ ಎತ್ತಿ ಕಟ್ಟಿ, ಚಪ್ಪಲಿ ಬಿಟ್ಟು, ಇಳಿದೆ.

ಕೆಸರು ಬೆಚ್ಚಗಿತ್ತು. ಕಾಲಡಿಗೆ ಗಟ್ಟಿಯಾಗಿ ಏನೋ ತಾಗಿತು. ಕೈ ಹಾಕಿ ತೆಗೆದರೆ ಬಳಚು, ಜೀವ ಇದ್ದದ್ದು. ಅಂಗೈಯಲ್ಲಿ ಬಾಯಿ ಬಿಗಿಯಾಗಿ ಮುಚ್ಚಿಕೊಂಡಿತು. ಅದರ ಅಂಚು ಎಷ್ಟು ತೆಳುವೆಂದರೆ, ಇಂಥದ್ದನ್ನು ನಾರಿನಲ್ಲಿ ತಿಕ್ಕಿದ ನನ್ನ ಕೈಗೇ ಬೈದುಕೊಂಡೆ. ಇದನ್ನು ಈಗ ಚಿಪ್ಪಿನಿಂದ ಬಿಡಿಸಿ ಕೊಲ್ಲುತ್ತಾರೆ ಎಂಬುದು ಗೊತ್ತಿದ್ದೂ ಡಬ್ಬಕ್ಕೆ ಹಾಕಿದೆ. ಅದನ್ನು ಅತ್ತೆಗೆ ಹೇಳಿಲ್ಲ, ಹೇಳುವುದೂ ಇಲ್ಲ. ಒಟ್ಟು ಆರಾದವು. ಹೆಂಗಸು ಅಂಚು ಮುಟ್ಟದಂತೆ ಚಾಕುವಿನಲ್ಲಿ ಒಂದೊಂದೇ ಬಿಡಿಸಿಕೊಟ್ಟಳು. ನಾನು ಹೊಳೆಯ ಕಡೆ ಮುಖ ಮಾಡಿ ನಿಂತಿದ್ದೆ.

ವಾಪಸು ಬರುವಾಗ ಮಳೆ ನಿಜಕ್ಕೂ ಹಿಡಿಯಿತು. ಬಸ್ಸಿನ ಕಿಟಕಿ ಮುಚ್ಚಿದ ಮೇಲೆ ಡಬ್ಬದ ವಾಸನೆ ಎಲ್ಲರಿಗೂ ತಲುಪಿತು. ಕಂಡಕ್ಟರ್ ಮೂಗು ಅರಳಿಸಿ, “ಯಾರದ್ದು ಮಾರಾಯ್ರೆ ಮೀನು?” ಎಂದ. ಮಗಳು ತೂಕಡಿಸುತ್ತಿದ್ದಳು. “ನಮ್ಮದು. ಮೀನಲ್ಲ” ಎಂದೆ. ಅವನು ನನ್ನ ಕುಂಕುಮ, ಮಡಿಲಲ್ಲಿದ್ದ ಡಬ್ಬ, ಕೆಸರು ಮೆತ್ತಿದ ಸೀರೆ ನೋಡಿ, ಮುಂದೆ ಕೇಳದೆ ಹೋದ.

ಸೋಮವಾರ ಸಂಜೆ ಪ್ರಯೋಗಾಲಯದಿಂದ ಮಗಳ ಫೋನ್ ಬಂತು. ಕೊಯ್ಯುವಾಗ ಒಂದು ಒಡೆದಿತ್ತು, ಐದು ಉಳಿದಿದ್ದವು. ಐದರಲ್ಲೂ ಅಂಚು ಪೂರ್ತಿ ಇತ್ತು.

“ಐದು ಸಾಕಾ?” ಎಂದೆ.

“ಸಾಕಾಗ್ತು, ಆಯಿ. ಹತ್ತಿದ್ರೆ ಚೊಲೋ ಇತ್ತು.”

ಈ ಕೊನೆಯ ಮಾತು ಅವಳು ಹೇಳಬೇಕಾಗಿರಲಿಲ್ಲ.