ಕೂಪಿನ ಹಾದಿಯ ಹತ್ತು ಕಿಲೋಮೀಟರ್

ದೂರ ಅಳೆಯುವ ಯಂತ್ರದ ಸೆಲ್ಲು ಅರ್ಧ ದಾರಿಯಲ್ಲಿ ಸಾಯಬಹುದಿತ್ತು. ಸಾಗವಾನಿ ಕೊಂಬೆಗಳ ಕೆಳಗೆ ಉಪಗ್ರಹಗಳೆಲ್ಲ ಒಟ್ಟಿಗೆ ಕೈಕೊಡಬಹುದಿತ್ತು. ಹಿಂದಿನ ದಿನ ಬಸ್ಸಿನಲ್ಲಿ ಹಳಿಯಾಳಕ್ಕೆ ಹೋಗಿಬಂದ ದೂರವನ್ನು ಅಳಿಸಲು ನಾನು ಮರೆತು, ಯಂತ್ರ ಅದನ್ನೂ ಕೂಡಿಸಿ ಹೇಳಿ ನನ್ನ ಮಾನ ಕಳೆಯಬಹುದಿತ್ತು. ಕರಡಿ ಬರಬಹುದಿತ್ತು. ಅರಣ್ಯದ ಗಾರ್ಡು ನನ್ನ ಕೈಯ ಹಳದಿ ಡಬ್ಬಿಯನ್ನು ವೈರ್‌ಲೆಸ್ ಅಂದುಕೊಂಡು, ನನ್ನನ್ನು ಮರಗಳ್ಳರ ಸಾಲಿಗೆ ಸೇರಿಸಬಹುದಿತ್ತು. ನನಗೆ ಎದೆನೋವು ಬರಬಹುದಿತ್ತು. ಇನ್ನೂ ಕೆಟ್ಟದ್ದೆಂದರೆ, ಎಪ್ಪತ್ತು ದಾಟಿದ ಡ್ರಿಲ್ ಮಾಸ್ತರರಿಗೇ ಬಂದು, ಸೇಡು ತೀರಿಸಿಕೊಳ್ಳಲು ಹೋದವನು ಅವರನ್ನು ಹೊತ್ತುಕೊಂಡು ಬರಬೇಕಾಗಬಹುದಿತ್ತು. ಇಷ್ಟನ್ನೂ ನಾನು ಹಿಂದಿನ ವಾರವೆಲ್ಲ ಹೆದರಿ ಮುಗಿಸಿದ್ದೆ. ಯಾವುದೂ ಆಗಲಿಲ್ಲ. ಆದದ್ದು ಬೇರೆಯೇ, ತೀರ ಸಣ್ಣದು.

ಮಾಸ್ತರರ ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಹಿತ್ತಾಳೆಯ ಸೀಟಿ ಇರುತ್ತಿತ್ತು. ನಿವೃತ್ತರಾದ ಮೇಲೂ ಅದು ಇಳಿಯಲಿಲ್ಲ. ಹಲ್ಲು ತಾಗಿ ತಾಗಿ ಅದರ ಬಾಯಿ ಸವೆದಿತ್ತು. ಕ್ಯಾನ್ವಾಸ್ ಬೂಟಿಗೆ ಅವರು ಒದ್ದೆ ಸೀಮೆಸುಣ್ಣ ತಿಕ್ಕುತ್ತಿದ್ದುದರಿಂದ ನಡೆದಲ್ಲೆಲ್ಲ ಸಣ್ಣಗೆ ಬಿಳಿಪುಡಿ ಉದುರುತ್ತಿತ್ತು. ಚಹಾದಂಗಡಿಗೆ ದಿನಾ ಬಂದು ಬಿಸಿನೀರು ಕುಡಿದು, ಚಹಾ ಕುಡಿಯುವವರನ್ನೆಲ್ಲ ಬೈದು ಹೋಗುವ ಗಿರಾಕಿ ಅವರೊಬ್ಬರೇ. "ಕಾಲು ಹೇಳಿದ್ದು ನೀ ಕೇಳಬ್ಯಾಡ, ನೀ ಹೇಳಿದ್ದು ಕಾಲು ಕೇಳಬೇಕು" ಎಂಬುದು ಅವರು ಯಾವಾಗಲೂ ಆಡುತ್ತಿದ್ದ ಮಾತು. ನನ್ನ ಕಾಲುಗಳು ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ದಾಂಡೇಲಿಯ ನಮ್ಮ ಹೈಸ್ಕೂಲಿನಲ್ಲಿ ಅವರು ವರ್ಷಕ್ಕೊಮ್ಮೆ ಹತ್ತು ಕಿಲೋಮೀಟರ್ ಓಟ ಇಡುತ್ತಿದ್ದರು. ಶಾಲೆಯ ಗೇಟಿನಿಂದ ಹೊರಟು, ಅರಣ್ಯದವರು ಮರ ಸಾಗಿಸಲು ಮಾಡಿಕೊಂಡ ಕೂಪಿನ ಹಾದಿ ಹಿಡಿದು, ಕಾಡಿನೊಳಗಿನ ಬಸವಣ್ಣನ ಕಟ್ಟೆ ಮುಟ್ಟಿ ವಾಪಸ್ ಬರಬೇಕು. ಆ ಹಾದಿಗೆ ಮೈಲಿಗಲ್ಲಿಲ್ಲ. ಮಾಸ್ತರರು ಸೈಕಲ್ ಗಾಲಿಯ ಸುತ್ತಳತೆ ಹಿಡಿದು, ಗಾಲಿಗೆ ಕೆಂಪು ಅರಿವೆ ಕಟ್ಟಿ, ಅದು ಎಷ್ಟು ಸುತ್ತು ಬಂತೆಂದು ಎಣಿಸಿ ದೂರ ಗೊತ್ತುಮಾಡಿದ್ದರು. ಓಟದಲ್ಲಿ ಮೊದಲು ಬರುತ್ತಿದ್ದವನು ನನ್ನ ಅಣ್ಣ. ಮಾಸ್ತರರ ಬಾಯಲ್ಲಿ ಮೂರು ಹೊತ್ತೂ ಅವನದೇ ಹೆಸರು. ಒಂಬತ್ತನೆಯ ತರಗತಿಯಲ್ಲಿ ನಾನೂ ಓಡಿದೆ. ವಾಪಸ್ ಬರುವಾಗ ಮೋರಿಯ ಕಟ್ಟೆಯ ಮೇಲೆ ಸ್ವಲ್ಪ ಕುಳಿತೆ, ಮತ್ತೆ ಏಳಲಾಗಲಿಲ್ಲ. ಬಿದಿರು ಹೇರಿಕೊಂಡು ಬಂದ ಲಾರಿಯವನು ಕರುಣೆಯಿಂದ ಹತ್ತಿಸಿಕೊಂಡ. ಲಾರಿ ಶಾಲೆಯ ಮುಂದೆ ನಿಂತಿತು. ಇಡೀ ಶಾಲೆ ನೋಡುತ್ತಿದ್ದಂತೆ ನಾನು ಇಳಿದೆ. ಮಾಸ್ತರರು ಉದ್ದಕ್ಕೆ ಸೀಟಿ ಊದಿದರು.

"ಗೂಡ್ಸ್ ಗಾಡಿ ಬಂತ್ರಲೇ! ಗೇಟ್ ಹಾಕ್ರಿ!"

ಅಲ್ಲಿಗೆ ನನ್ನ ಹೆಸರು ಮುಗಿಯಿತು. ನನ್ನ ಮದುವೆಯ ಪಂಕ್ತಿಯಲ್ಲಿ ಗೆಳೆಯನೊಬ್ಬ "ಗೂಡ್ಸಿಗೆ ಇನ್ನೊಂದು ಹೋಳಿಗಿ ಹಾಕ್ರಿ" ಎಂದು ಕೂಗಿದ. ಹೆಣ್ಣಿನ ಕಡೆಯ ಹಿರಿಯರೊಬ್ಬರು ನನ್ನ ಮಾವನನ್ನು ಪಕ್ಕಕ್ಕೆ ಕರೆದು "ಹುಡುಗಗ ರೈಲ್ವೆದಾಗ ನೌಕರಿ ಏನ್ರಿ?" ಎಂದು ಕೇಳಿದರು. ಊರಿಗೆ ಬರುತ್ತಿದ್ದ ಪ್ಯಾಸೆಂಜರ್ ರೈಲು ನಿಂತುಹೋಯಿತು, ನನ್ನ ಹೆಸರಿನ ಗೂಡ್ಸ್ ನಿಲ್ಲಲಿಲ್ಲ. ಮಗಳ ಗೆಳತಿಯರಿಗೂ ನಾನು ಗೂಡ್ಸ್ ಅಂಕಲ್. ಸೇಡನ್ನು ನಾನು ಮಾವಿನಕಾಯಿಯಂತೆ ಉಪ್ಪು ಹಾಕಿ ಭರಣಿಯಲ್ಲಿಟ್ಟೆ. ಆಗಾಗ ಮುಚ್ಚಳ ತೆಗೆದು ವಾಸನೆ ನೋಡುತ್ತಿದ್ದೆ, ಕೆಟ್ಟಿರಲಿಲ್ಲ.

ನಲವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ದಿನಾ ನಡೆಯಲು ಹೇಳಿದರು. ಎಷ್ಟು ನಡೆದಿರಿ ಎಂದು ಅವರು ಕೇಳಿದಾಗಲೆಲ್ಲ ನಾನು ಬಾಯಿಗೆ ಬಂದಷ್ಟು ಹೇಳುತ್ತಿದ್ದೆ. ದುಬೈಯಲ್ಲಿ ಸರ್ವೆ ಕೆಲಸದಲ್ಲಿದ್ದ ಹೆಂಡತಿಯ ತಮ್ಮ ರಜೆಗೆ ಬಂದಾಗ ತನ್ನ ಹಳೆಯ ಜಿಪಿಎಸ್ ಯಂತ್ರವನ್ನು ನನ್ನ ಕೈಗಿಟ್ಟ. "ಭಾವಾ, ಇದಕ್ಕ ಸುಳ್ಳು ಹೇಳಾಕ ಬರಂಗಿಲ್ಲ ನೋಡ್ರಿ" ಎಂದ. ಸಾಬೂನಿನಷ್ಟು ದೊಡ್ಡ ಹಳದಿ ಡಬ್ಬಿ. ಅದರ ಮುಖ ಸದಾ ಆಕಾಶಕ್ಕಿರಬೇಕು, ಇಲ್ಲದಿದ್ದರೆ ಉಪಗ್ರಹ ಸಿಗುವುದಿಲ್ಲ ಎಂದಿದ್ದ. ನಾನು ಅದನ್ನು ಅಂಗೈ ಮೇಲಿಟ್ಟುಕೊಂಡು, ತೊನೆದರೆ ಚೆಲ್ಲೀತೇನೋ ಎಂಬಂತೆ ನಡೆಯುತ್ತಿದ್ದೆ.

ಮೊದಲ ದಿನವೇ ಮಾಸ್ತರರು ಎದುರಾದರು. "ಏನಲೇ ಗೂಡ್ಸ್, ಮಂಗಳಾರತಿ ಯಾವ ದೇವರಿಗಿ?"

"ಎಷ್ಟು ನಡದೆ ಅಂತ ಅಳಿತೈತ್ರಿ ಸರ್. ಮ್ಯಾಲಿಂದ ಉಪಗ್ರಹ ನೋಡತಾವು."

"ನಿನ್ನ ನೋಡಾಕ ಉಪಗ್ರಹ ಯಾಕೋ? ಬರೇಗಣ್ಣಿಗೆ ಕಾಣ್ತಿ."

ಚಹಾದಂಗಡಿಯವನು ನಗುತ್ತ ಹಾಲು ಚೆಲ್ಲಿದ. ನಾನು ಭರಣಿಗೆ ಇನ್ನಷ್ಟು ಉಪ್ಪು ಹಾಕಿದೆ.

ಮಾಸ್ತರರು ಈಗಲೂ ದಿನಾ ಅದೇ ಕೂಪಿನ ಹಾದಿಯಲ್ಲಿ ಬಸವಣ್ಣನ ಕಟ್ಟೆಗೆ ಹೋಗಿಬರುತ್ತಿದ್ದರು. "ಹತ್ತು ಕಿಲೋಮೀಟರ್, ಮಳಿ ಇರಲಿ ಛಳಿ ಇರಲಿ" ಎಂದು ಊರಿಗೆಲ್ಲ ಸಾರುತ್ತಿದ್ದರು. ಆ ಹತ್ತು ಖಂಡಿತ ಏಳೋ ಎಂಟೋ ಇರುತ್ತದೆ, ಯಂತ್ರ ಹಿಡಿದು ಅವರ ಬಡಾಯಿ ಬಯಲು ಮಾಡಬೇಕು ಎಂದು ನನಗೆ ಹೊಳೆಯಿತು. ಆದರೆ ಆ ಹಾದಿಯಲ್ಲಿ ಮರ ದಟ್ಟ, ಉಪಗ್ರಹ ಸಿಗಲಿಲ್ಲ. ಸಾಗವಾನಿ ಎಲೆ ಉದುರುವವರೆಗೆ ಸೇಡು ಕಾಯಬೇಕಾಯಿತು. "ಸಕ್ಕರಿ ಸಲುವಾಗಿ ಹಾಸಿಗಿ ಬಿಟ್ಟು ಏಳದಾಂವರು ಸೇಡಿಗೆ ಏಳಾಕತ್ತೀರಿ. ಇರಲಿ, ನಡೀರಿ" ಎಂದಳು ಹೆಂಡತಿ.

ಎಲೆ ಉದುರಿ ಆಕಾಶ ಕಂಡ ಮೇಲೆ ಶಾಲೆಯ ಗೇಟಿನಿಂದ ಒಬ್ಬನೇ ಹೊರಟೆ. ಕಟ್ಟೆ ಮುಟ್ಟಿದಾಗ ಯಂತ್ರ ಐದರ ಬದಲು ಆರು ದಾಟಿತ್ತು. ಮಾಸ್ತರರ ದೂರ ಕಡಿಮೆಯಲ್ಲ, ಹೆಚ್ಚು! ನನ್ನ ಸೇಡು ಹಾಳಾಯಿತೆಂದು ಕಾಲೆಳೆಯುತ್ತ ವಾಪಸ್ ಬರುವಾಗ ಅದೇ ಮೋರಿ ಬಂತು. ಡಬ್ಬಿ ನೋಡಿದೆ. ಹತ್ತು.

ಮೋರಿಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ, ಈ ಸಲ ಸಂತೋಷದಿಂದ. ಅಂದರೆ ಅಂದು ನಾನು ಹತ್ತು ಕಿಲೋಮೀಟರ್ ಓಡಿ ಮುಗಿಸಿಯೇ ಕುಳಿತವನು. ಲಾರಿ ಹತ್ತಿದ್ದು ಓಟ ಮುಗಿದ ಮೇಲೆ!

ಮರುದಿನ ಚಹಾದಂಗಡಿಯಲ್ಲಿ ಇದನ್ನು ಹೇಳಿದಾಗ ಮಾಸ್ತರರು ಬಿಸಿನೀರಿನ ಲೋಟ ಕೆಳಗಿಟ್ಟರು. "ಡಬ್ಬಿ ಮಾತು ಬ್ಯಾಡ. ನನ್ನ ಮುಂದ ಅಳಿ" ಎಂದರು. ನಾನು ಒಂದು ವಾರದ ಗಡುವು ಕೇಳಿಕೊಂಡು, ಹೊಸ ಸೆಲ್ಲು ಹಾಕಿ, ಹೆದರಬೇಕಾದದ್ದಕ್ಕೆಲ್ಲ ಹೆದರಿ, ಅವರ ಜೊತೆ ಹೊರಟೆ. ದಾರಿಯುದ್ದಕ್ಕೂ ಅವರ ಸೀಟಿ ಎದೆಯ ಮೇಲೆ ಟಕ್ ಟಕ್ ಬಡಿಯುತ್ತಿತ್ತು. ಕಟ್ಟೆ ಮುಟ್ಟಿ ಮೋರಿಗೆ ಬಂದೆವು. ಕನ್ನಡಕ ಹಾಕಿಕೊಂಡು ಅವರು ಡಬ್ಬಿಯನ್ನು ಬಹಳ ಹೊತ್ತು ನೋಡಿದರು. ಹತ್ತು.

"ಥೂ ಇದರ! ಗಾಲಿ ಅಳದಿದ್ದು ಮಗಳ ಸಣ್ಣ ಸೈಕಲ್ದು. ಅಂಗಳದಾಗ ಅದ ನಿಂತಿತ್ತು. ತುಳದಿದ್ದು ನನ್ನ ದೊಡ್ಡ ಸೈಕಲ್." ಆಮೇಲೆ ಅವರ ಮುಖ ಅರಳಿತು. "ಅಂದ್ರ ನಾ ಇಷ್ಟು ವರ್ಷ ದಿನಾ ಹನ್ನೆರಡರ ಮ್ಯಾಲ ನಡದೇನಲೇ!"

ನನ್ನ ಸೇಡು ಅವರ ಬಿರುದಾಗುವುದರಲ್ಲಿತ್ತು. ಹೇಳಿಯೇಬಿಟ್ಟೆ. "ನಿಮ್ಮ ನಡಿಗಿ ಇರಲಿ ಸರ್. ನಾ ಹತ್ತು ಮುಗಿಸಿ ಕುಂತಾಂವ. ಗೂಡ್ಸ್ ಅನ್ನೂದು ಹಿಂದಕ್ಕ ತಗೋರಿ. ನಾಕ ಮಂದಿ ಮುಂದ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅವಾಗಿಂದ ಸೇಡ ಇಟ್ಕೊಂಡೀಯೇನು?"

"ಹೌದ್ರಿ."

"ಶಾಬಾಸ್. ನೀ ಜೀವನದಾಗ ನಡುವ ಬಿಡದಂಗ ಮಾಡಿದ್ದು ಇದೊಂದ ನೋಡು."

ಮರುದಿನ ಚಹಾದಂಗಡಿಯಲ್ಲಿ ಅವರು ಸೀಟಿ ಊದಿದರು. ಅರ್ಧ ಊರು ಅವರ ಕೈಯಲ್ಲಿ ಡ್ರಿಲ್ ಮಾಡಿದ್ದು. ಎಲ್ಲರೂ ಚಹಾದ ಬಸಿ ಹಿಡಿದುಕೊಂಡೇ ಎದ್ದು ನಿಂತರು. "ಅವತ್ತಿನ ಓಟದಾಗ ತಪ್ಪಿದ್ದು ನಾ, ಇಂವ ಅಲ್ಲ. ಇವತ್ತಿಂದ ಇಂವಗ ಯಾರೂ ಗೂಡ್ಸ್ ಅನ್ನಂಗಿಲ್ಲ. ಹೆಸರು ಹಿಡದು ಕರೀಬೇಕು" ಎಂದು ಸಾರಿದರು. ಚಪ್ಪಾಳೆ ಬಿತ್ತು. ನಾನು ಏನನ್ನೋ ತಿದ್ದಲು ಬಾಯಿ ತೆರೆದೆ. ಒಬ್ಬ ಮುದುಕನನ್ನು ಒಂದೇ ವಾರದಲ್ಲಿ ಎರಡು ಸಲ ತಿದ್ದುವುದು ಬೇಡ, ಮಳೆಗಾಲ ಕಳೆಯಲಿ ಎಂದು ಮುಚ್ಚಿದೆ.

ಆ ಮಳೆಗಾಲದಲ್ಲೇ ಮಾಸ್ತರರು ತೀರಿಕೊಂಡರು. ಸೀಟಿಯನ್ನು ಕೊರಳಿನಿಂದ ತೆಗೆಯದೆ ಮಣ್ಣು ಮಾಡಿದರು. ಮರುದಿನ ಬೆಳಿಗ್ಗೆ ನಾನು ಕೂಪಿನ ಹಾದಿಯಲ್ಲಿದ್ದೆ, ಇಂದೂ ಇದ್ದೇನೆ. ನನ್ನ ಸಕ್ಕರೆ ಹತೋಟಿಗೆ ಬಂದದ್ದು ಗುಳಿಗೆಗಿಂತ ಹೆಚ್ಚಾಗಿ ಅವರ ಮೇಲಿನ ಸಿಟ್ಟಿನಿಂದ. ಸಿಟ್ಟು ತೀರಿದ್ದರೆ ನಾನು ಎಂದೋ ನಡಿಗೆ ಬಿಟ್ಟು ಮಲಗುತ್ತಿದ್ದೆ. ತೀರದಂತೆ ನೋಡಿಕೊಂಡವರೂ ಅವರೇ, ಆ ಋಣವೂ ಇದೆ. ಸೆಲ್ಲು ಸತ್ತಿರಲಿಲ್ಲ, ಕರಡಿ ಬಂದಿರಲಿಲ್ಲ, ಡಬ್ಬಿ ಸುಳ್ಳಾಡಿರಲಿಲ್ಲ. ಆದರೆ ಸೀಟಿ ಊದಿದ ಆ ಬೆಳಿಗ್ಗೆ ನನ್ನ ಹೆಗಲ ಮೇಲೆ ಕೈಯಿಟ್ಟು, ಇನ್ನು ಮುಂದೆ ಹೀಗೇ ಕರೆಯಿರಿ ಎಂದು ಇಡೀ ಚಹಾದಂಗಡಿಗೆ ಕೇಳುವಂತೆ ಅವರು ಕೂಗಿ ಹೇಳಿದ್ದು ನನ್ನ ಅಣ್ಣನ ಹೆಸರನ್ನು.